ಎರಡನೇ ಕೇಬಲ್

ದಂತವೈದ್ಯರ ಕೋಣೆಯ ಹೊರಗೆ ಕೆನ್ನೆ ಹಿಡಿದು ಕೂತಿದ್ದ ದರ್ಜಿಯ ಕಿವಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಬಿತ್ತು.

“ಕಂಪ್ಯೂಟರ್ ಸರಿಹೋಯ್ತಾ ಅಕ್ಕಾ?”

“ಅಬ್ಬಾ, ಸರಿಹೋಯ್ತು. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗಿಂದ ವಿಡಿಯೋ ಎಡಿಟಿಂಗ್‌ಗೆ ಕೂತರೆ ಸಾಕು, ಪರದೆ ಕಪ್ಪಾಗ್ತಿತ್ತು. ನಿನ್ನ ಭಾವ ಜೋಡಿಸಿದ್ದೇ ಸರಿಯಿಲ್ಲ ಅಂತ ನಾಲ್ಕು ದಿನ ಮಾತು ಬಿಟ್ಟಿದ್ದೆ.”

“ಆಮೇಲೆ?”

“ಕಾರ್ಡಿನಲ್ಲಿ ಕರೆಂಟ್ ಕೊಡೋಕೆ ಎರಡು ಸಾಕೆಟ್ ಇವೆ, ಒಂದೊಂದಕ್ಕೂ ಬೇರೆ ಕೇಬಲ್ ಬೇಕು. ಎರಡಕ್ಕೂ ಒಂದೇ ಕೇಬಲ್ ಸಿಕ್ಕಿಸಿತ್ತು, ಅದಕ್ಕೆ ತಡಕೊಳ್ಳೋಕಾಗ್ಲಿಲ್ಲ. ನಿನ್ನೆ ಇನ್ನೊಂದು ಹಾಕಿದೆ. ಆಮೇಲೆ ಒಂದು ಸಲವೂ ನಿಂತಿಲ್ಲ. ಇವತ್ತು ಕೊಡಬೇಕಿದ್ದ ಮದುವೆ ವಿಡಿಯೋನೂ ಮುಗೀತು.”

“ಹಾಗೆ ಸಿಕ್ಕಿಸಿದ್ದು ಭಾವನಾ?”

ದರ್ಜಿ ಹಲ್ಲುನೋವು ಮರೆತು ಅವರತ್ತ ವಾಲಿದ.

“ನಾನೇ. ಅವರು ಕಾರ್ಡ್ ಕೂರಿಸಿದ್ರು, ಅಷ್ಟೇ.”

“ಅವರಿಗೆ ಹೇಳಿದ್ಯಾ?”

“ಬೆಳಿಗ್ಗೆ ಹೇಳಿದೆ. ‘ಒಂದೇ ಕೇಬಲ್ ಇರೋದನ್ನ ಎರಡನೇ ದಿನವೇ ನೋಡಿದ್ದೆ, ಮಾತು ಬಿಟ್ಟವಳಿಗೆ ಹೇಗೆ ಹೇಳ್ಲಿ’ ಅಂದ್ರು.”

ನರ್ಸ್ ಕರೆದಳು. ಇಬ್ಬರೂ ನಗು ತಡೆಯಲಾರದೆ ಒಳಗೆ ಹೋದರು.