ಪುಟದಿಂದ ಜಾರಿದ ಸಾಲು

ಚಳಿ ಹಿಂದೆ ಸರಿದು ಬಿಸಿಲು ಏರುತ್ತಿದ್ದ ದಿನಗಳು. ಮಧ್ಯಾಹ್ನದ ಊಟ ಮುಗಿದು ಬೀದಿ ತೂಕಡಿಸುವ ಹೊತ್ತಿಗೆ ಫೋನು ಬಂತು. ತಲೆ ಸುತ್ತುತ್ತಿದೆ ಎಂದು ಹೆಂಡತಿ ಆಗಷ್ಟೇ ಒಳಗೆ ಮಲಗಿದ್ದಳು. ಮುದುಕ ದನಿ ತಗ್ಗಿಸಿದ.

“ಹಲೋ... ಯಾರು ಮಾತಾಡೋದು?”

“...ಓ, ನೀನಾ. ಇವತ್ತು ಹೇಗೆ ಬಂತಮ್ಮ ದೊಡ್ಡಪ್ಪನ ನೆನಪು?”

“...ಹಾಂ, ನಿನ್ನೆ ಆಸ್ಪತ್ರೆಗೆ ಹೋಗಿದ್ವಿ. ನಿನ್ನ ದೊಡ್ಡಮ್ಮನ ಬಿಪಿಗೆ ಹೊಸ ಮಾತ್ರೆ, ಹೇಗೆ ತಗೋಬೇಕು ಅಂತ ಜೊತೆಗೊಂದು ಚೀಟಿ. ಅಲ್ಲಿನ ಕಂಪ್ಯೂಟರಲ್ಲಿ ನಿನ್ನ ಪ್ರೋಗ್ರಾಮೇ ಅದನ್ನ ಮಾಡೋದಂತೆ, ಅಲ್ವಾ? ನಮ್ಮ ಹುಡುಗಿ ಅಂತ ನರ್ಸಮ್ಮನ ಹತ್ರ ಹೇಳ್ಕೊಂಡೆ.”

“...ಯಾಕೆ, ಅಳ್ತಿದೀಯಾ?”

ತಮ್ಮನ ಮಗಳು ತಡವರಿಸುತ್ತ ಹೇಳಿದಳು. ಯಾವ ಸಾಲು ಚೀಟಿಯ ಪುಟದಲ್ಲಿ ಎಲ್ಲಿ ಕೂರಬೇಕೆಂದು ಅವಳೇ ಅಳೆದು ಪ್ರೋಗ್ರಾಮಿನ ಕೋಡಿನಲ್ಲಿ ಬರೆದಿದ್ದಳು. ಹೆಸರಿಗೆ ಒಂದು ಸಾಲು ಸಾಕೆಂದುಕೊಂಡಿದ್ದಳು. ದೊಡ್ಡಮ್ಮನ ಹೆಸರು ಎರಡು ಸಾಲು ಹಿಡಿದು, ಉಳಿದದ್ದೆಲ್ಲ ಕೆಳಗೆ ಜಾರಿತ್ತು. ಪುಟ ಮುಗಿದರೂ ಪಿಡಿಎಫ್ ತಕರಾರು ಮಾಡುವುದಿಲ್ಲವಂತೆ. ಅಂಚು ದಾಟಿದ್ದು ಕಾಣುವುದಿಲ್ಲ, ಅಷ್ಟೇ.

“...ಅವಳ ಹೆಸರು ಮದುವೆ ಕಾಗದದಲ್ಲೂ ಹಿಡಿಸಿರ್ಲಿಲ್ಲ ಬಿಡು.”

“...ಚೀಟೀನಾ? ಇಲ್ಲೇ ಇದೆ. ಕೊನೇ ಸಾಲಾ... ತಾಳು, ಕನ್ನಡಕ. ಬೆಳಿಗ್ಗೆ ತಿಂಡಿ ಆದ್ಮೇಲೆ ಹೊಸ ಮಾತ್ರೆ ಒಂದು. ಅಷ್ಟೇ. ಕೆಳಗೆ ಅಂಚಿಗೆ ಏನೋ ಬಳ್ಳಿ ಬಿಡಿಸಿದಾರೆ.”

“...ಬಳ್ಳಿ ಅಲ್ವಾ?”

ಅವನು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಳ್ಳಿಯಲ್ಲ. ಬರೀ ತಲೆಕಟ್ಟುಗಳು; ಅಕ್ಷರಗಳ ಮೈ ಕಾಗದದ ಆಚೆ ಉಳಿದಿತ್ತು.

“ಅಲ್ಲಿ ಏನು ಬರೆದಿತ್ತಮ್ಮ?”

“...ಹಳೇ ಮಾತ್ರೆ ನಿಲ್ಲಿಸಿ ಅಂತಲಾ?”

ಅವನು ಮಾತ್ರೆಯ ಡಬ್ಬಿಯತ್ತ ತಿರುಗಿ ನೋಡಿದ.

“ನಿಲ್ಲಿಸಿಲ್ಲ ಕಣೇ. ಬೆಳಿಗ್ಗೆ ಎರಡೂ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ.”

“...ಮಲಗಿದಾಳೆ. ತಲೆ ಸುತ್ತುತ್ತೆ ಅಂದ್ಲು... ನೋಡ್ತೀನಿ. ಫೋನ್ ಇಡಬೇಡ, ಇಡಬೇಡ.”

ಅವನು ಒಳಗೆ ಹೋಗಿ ಹೆಂಡತಿಯ ಭುಜ ಅಲುಗಿಸಿದ.

“ಏ, ಇಲ್ಲಿ ಕೇಳು. ಕೇಳಿಸ್ತಾ?”

“...ಕೈ ತಣ್ಣಗಾಗಿದೆ ಕಣಮ್ಮ. ಹಾಂ, ಉಸಿರಿದೆ. ಕರೆದ್ರೆ ಕಣ್ಣು ಬಿಡ್ತಾಳೆ, ಮತ್ತೆ ಮುಚ್ಕೋತಾಳೆ.”

“...ಆಂಬುಲೆನ್ಸಿಗೆ ಪಕ್ಕದವರ ಫೋನಲ್ಲಿ ನೀನೇ ಹೇಳಿದೀಯಾ? ಸರಿ. ಕಾಲಡಿ ದಿಂಬಾ... ಇಟ್ಟೆ. ಬಾಗಿಲೂ ತೆಗೆದಿಟ್ಟೆ. ನೀನು ಮಾತಾಡ್ತಾ ಇರು. ನನಗೆ ಭಯ ಆಗ್ತಿದೆ.”

“...ಏನು? ಇನ್ನೂ ಇದಾರಾ, ಉದ್ದ ಹೆಸರಿನವರು? ಅವರಿಗೆ ಯಾರೂ ಹೇಳಿಲ್ವಾ?”

ಅವನು ಮಂಚದ ಅಂಚು ಹಿಡಿದು ಕೂತ. ಹೆಂಡತಿಯ ಬೆರಳುಗಳನ್ನು ತಿಕ್ಕುತ್ತಲೇ ಇದ್ದ.

“ಹಾಗಾದ್ರೆ ನನ್ನ ಹತ್ರ ಯಾಕೆ ಮಾತಾಡ್ತಿದೀಯ? ಇಡಮ್ಮ. ಅವರಿಗೆ ಮಾಡು, ಮೊದಲು—”

ಲೈನು ಕಡಿಯಿತು.

ಆ ದಿನ, ಬಿಸಿಲು ಇಳಿಯುವ ಮೊದಲೇ, ಹೆಂಡತಿ ಸ್ಟ್ರೆಚರಿನ ಮೇಲೆ ಮನೆಯಿಂದ ಹೊರಟಳು. ಕಣ್ಣುಗಳು ತೆರೆದಿದ್ದವು, ಅವನನ್ನು ಹುಡುಕುತ್ತಿದ್ದವು.