ದೇವರ ಮನೆಯ ಟೆಲಿಫೋನು

ಮನೆಯಲ್ಲಿ ಟೆಲಿಫೋನು ಇರುವವರು ಆಗ ಊರಿಗೆ ನಾಲ್ಕು ಮಂದಿ. ಅವರಲ್ಲೊಬ್ಬ ರೇಷ್ಮೆ ವ್ಯಾಪಾರಿ ಕೆಂಪನಂಜಪ್ಪ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಹನೂರಿನ ಬಸ್ಸಿಗೆ ಕಾದಿದ್ದ ಮುತ್ತಯ್ಯನ ಪಕ್ಕದಲ್ಲೇ ಅವನು ನಿಂತು ಅಕ್ಕ ಗುರುಬಸಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದ. ಮುತ್ತಯ್ಯ ಬೀಡಿ ಹಚ್ಚುವುದನ್ನೂ ಮರೆತು ಕಿವಿಗೊಟ್ಟ.

"ಅವ್ವ ಬಚ್ಚಲಲ್ಲಿ ಜಾರಿಬಿದ್ರೆ, ಮನೇಲಿ ಟೆಲಿಫೋನ್ ಇಟ್ಕಂಡು ಡಾಕ್ಟ್ರ ಮನೆಗಂಟ ಓಡೋದ್ಯಂತಲ್ಲ, ಯಾಕ್ಲಾ?"

"ನಾನು ಸ್ನಾನ ಮಾಡಿರ್ನಿಲ್ಲ ಕಣಕ್ಕ."

"ಟೆಲಿಫೋನ್ ಮಾಡಕೆ ಸ್ನಾನ ಯಾಕ್ಲಾ?"

"ಅದು ದೇವರ ಮನೇಲದೆ. ಕಷ್ಟಕಾಲಕ್ಕೆ ಬೇಕಾದ್ದಲ್ವಾ, ಭದ್ರವಾಗಿರ್ಲಿ ಅಂತ ಅವ್ವನೇ ಅಲ್ಲಿ ಹಾಕಿಸಿದ್ದು."

"ಜೀವ ಓಗೋ ಒತ್ನಲ್ಲಿ ಎಂತಾ ಸ್ನಾನ? ಅಂಗೇ ನುಗ್ಗಬೇಕಿತ್ತು."

"ನುಗ್ಗಕೋದೆ ಕಣಕ್ಕ. ಅವ್ವ ಬಿದ್ದಲ್ಲಿಂದ್ಲೇ ಕೂಗಿದ್ಲು, ಸ್ನಾನ ಮಾಡ್ದೆ ಒಳಕ್ಕೆ ಕಾಲಿಟ್ಟೀಯ ಜೋಕೆ ಅಂತ."

"ಎರಡು ಚೆಂಬು ನೀರು ಉಯ್ಕಂಡು ಓಗಕೇನಾಗಿತ್ತು?"

"ಬಚ್ಚಲಲ್ಲಿ ಅವ್ವ ಬಿದ್ದಿದ್ಲಲ್ಲಕ್ಕ!"

ಗುರುಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು.

"ಸದ್ಯ, ಕಾಲು ಉಳುಕಿದ್ರಲ್ಲೇ ಓಯ್ತು. ನಗೋ ಅಂಗಾಯ್ತು."

ಅಷ್ಟರಲ್ಲಿ ಮಧುವನಹಳ್ಳಿಯ ಬಸ್ಸು ಬಂತು. ಅವಳು ಹತ್ತಿ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಲೇ ಕೆಂಪ, ನಾಳೇನೇ ಅದನ್ನ ನಡುಮನೆಗೆ ಹಾಕ್ಸು!"

ಹೊರಟ ಬಸ್ಸಿನ ಜೊತೆಗೇ ಪಂಚೆ ಎತ್ತಿಕೊಂಡು ಓಡುತ್ತಾ ಕೆಂಪನಂಜಪ್ಪ ಕೂಗಿದ:

"ಲೈನ್‌ಮ್ಯಾನ್ ಒಲ್ಲೆ ಅಂತವ್ನೆ ಕಣಕ್ಕ! ಹಾಕಕೆ ಬಂದಾಗ ಅವ್ವ ತಣ್ಣೀರು ಉಯ್ಸಿ ನೆಗಡಿ ಆಗಿತ್ತಂತೆ!"