ತಿರುಗುವ ಮೇಜಿನ ಮೇಲೆ ಉಳಿದ ಗೋಬಿ

ನನಗೊಂದು ಸಣ್ಣ ಚಿಂತೆ ಇದೆ. ದೊಡ್ಡವರ ಮುಂದೆ ಹೇಳುವಂಥದ್ದಲ್ಲ. ತಲೆ ಬಾಚಿಕೊಳ್ಳುವಾಗ ಕನ್ನಡಿಗೆ ಹೇಳುವಂಥದ್ದು. ಯಾರಾದರೂ ನನ್ನನ್ನು ಒಂದೇ ಒಂದು ಸಲ ಕೇಳಿ, ನಾನು ‘ಬೇಡ’ ಅಂದದ್ದನ್ನು ನಿಜವೆಂದೇ ನಂಬಿ ಹೊರಟುಹೋದರೆ ಏನು ಮಾಡುವುದು?

ನಗಬೇಡಿ. ಈ ಚಿಂತೆ ನನ್ನೊಬ್ಬಳದೇ ಆಗಿದ್ದರೆ ನಮ್ಮ ಚರ್ಚಿನ ಯುವಜನರ ಭಾನುವಾರದ ಈ ಪ್ರವಚನಕ್ಕೆ ಅದನ್ನು ತರುತ್ತಿರಲಿಲ್ಲ. ಈಗ ಓದಿದ ಬೈಬಲಿನ ವೇದಭಾಗ ನಿಮ್ಮ ಕಿವಿಯಲ್ಲಿ ಇನ್ನೂ ಇದೆ. ಅದನ್ನು ಬಿಡಿಸಿ ಹೇಳುವ ವಿದ್ವತ್ತು ನನಗಿಲ್ಲ. ಒಂದು ದೃಷ್ಟಾಂತ ಮಾತ್ರ ಹೇಳುತ್ತೇನೆ.

ಒಂದೂರಲ್ಲಿ ಒಬ್ಬ ಶ್ರೀಮಂತ. ನಮ್ಮ ಹುಬ್ಬಳ್ಳಿಯಂಥದೇ ಊರು ಅನ್ನಿ. ದೃಷ್ಟಾಂತದಲ್ಲಿ ಶ್ರೀಮಂತ ಬಂದ ಕೂಡಲೇ ಅವನು ಜಿಪುಣ ಎಂದು ನೀವು ತೀರ್ಮಾನಿಸುತ್ತೀರಿ, ನನಗೆ ಗೊತ್ತು. ಇವನು ಹಾಗಲ್ಲ. ಇವನು ಒಳ್ಳೆಯವನು. ತೊಂದರೆ ಬಂದದ್ದೇ ಅಲ್ಲಿಂದ, ನೋಡಿ. ದುಡಿಯುವ ವಯಸ್ಸನ್ನೆಲ್ಲ ಅಸ್ಸಾಮಿನ ಚಹಾ ತೋಟಗಳಲ್ಲಿ ಕಳೆದು ಹುಟ್ಟೂರಿಗೆ ಮರಳಿದ್ದ. ಬರುವಾಗ ಅಲ್ಲಿಂದ ಒಂದು ವಿಚಿತ್ರ ಅಭ್ಯಾಸವನ್ನೂ ಕಟ್ಟಿಕೊಂಡು ಬಂದಿದ್ದ. ಎದುರಿನವರು ಏನು ಹೇಳುತ್ತಾರೋ ಅದನ್ನು ನಂಬುವ ಅಭ್ಯಾಸ.

ಈ ಶ್ರೀಮಂತ ಊರಿನ ಮಕ್ಕಳಿಗೆಂದು ಒಂದು ಸಣ್ಣ ಶಾಲೆ ಕಟ್ಟಿಸಿದ. ಉದ್ಘಾಟನೆಯ ದಿನ ಅವನ ಸಭೆಯ ಗಾಯನ ಮಂಡಳಿಯವರು ಬಂದು ಚೆನ್ನಾಗಿ ಹಾಡಿದರು. ಅವನಿಗೆ ಸಂತೋಷವಾಯಿತು. ಮಂಡಳಿಯವರನ್ನೆಲ್ಲ ಸಂಜೆ ಊಟಕ್ಕೆ ಕರೆದ. ಎಲ್ಲಿಗೆ? ಬಸ್ ನಿಲ್ದಾಣದ ಹಿಂದಿನ ಚೈನೀಸ್ ಹೋಟೆಲಿಗೆ. ಬಾಗಿಲಲ್ಲಿ ಕೆಂಪು ಕಾಗದದ ದೀಪ, ಗಲ್ಲಾಪೆಟ್ಟಿಗೆಯ ಪಕ್ಕ ಮೀನಿನ ತೊಟ್ಟಿ, ಹಸಿಮೆಣಸಿನಕಾಯಿ ಮುಳುಗಿಸಿಟ್ಟ ವಿನೆಗರ್ ಬಾಟಲಿ. ನೀವೂ ಹೋಗಿದ್ದೀರಿ ಇಂಥಲ್ಲಿಗೆ. ನಡುವೆ ಒಂದು ದುಂಡು ಮೇಜು, ಅದರ ಮೇಲೆ ತಿರುಗುವ ಗಾಜಿನ ತಟ್ಟೆ. ಗೋಬಿ ಬೇಕೇ? ಕೈ ಚಾಚಬೇಕಿಲ್ಲ, ಗಾಜನ್ನು ತಿರುಗಿಸಿದರೆ ಸಾಕು, ಅದೇ ನಿಮ್ಮ ಮುಂದೆ ಬಂದು ನಿಲ್ಲುತ್ತದೆ.

ಮಂಡಳಿಯಲ್ಲಿ ಒಬ್ಬ ಹಾರ್ಮೋನಿಯಂ ಅಜ್ಜ ಇದ್ದ. ರಾತ್ರಿ ಊಟವಿದೆ ಎಂದು ಮಧ್ಯಾಹ್ನದ ರೊಟ್ಟಿಯನ್ನು ಬಿಟ್ಟು ಬಂದಿದ್ದ. ಮಂಡಳಿಯನ್ನು ನಡೆಸುವ ಅಕ್ಕ ಒಬ್ಬಳಿದ್ದಳು, ಗಟ್ಟಿ ದನಿಯವಳು. ಹಿಂದಿನ ಸಾಲಿನಲ್ಲಿ ನಿಂತು ಹಾಡುವ ಒಬ್ಬ ಹುಡುಗಿ ಇದ್ದಳು. ಅವಳು ಬಂದದ್ದು ನೂಡಲ್ಸ್ ಆಸೆಗಲ್ಲ. ಹೊಸ ಶಾಲೆಗೆ ಹಾಡು ಕಲಿಸುವ ಟೀಚರ್ ಬೇಕೆಂದೂ, ಶ್ರೀಮಂತನ ಮನಸ್ಸಿನಲ್ಲಿ ತನ್ನ ಹೆಸರಿದೆಯೆಂದೂ ಅವಳಿಗೆ ಸುದ್ದಿ ಮುಟ್ಟಿತ್ತು. ಡಿಗ್ರಿ ಮುಗಿಸಿ ಮನೆಯಲ್ಲಿದ್ದವಳು. ಆ ಕೆಲಸ ಸಿಕ್ಕಿದರೆ ಸಾಕು, ಮತ್ತೇನೂ ಕೇಳುವುದಿಲ್ಲ ಎಂದು ಪ್ರಾರ್ಥಿಸಿದ್ದಳು. ಹೊರಡುವಾಗ ಅವಳ ತಾಯಿ ಬಾಗಿಲ ತನಕ ಬಂದು ಒಂದು ಬುದ್ಧಿಮಾತು ಹೇಳಿ ಕಳಿಸಿದ್ದಳು: “ಕೇಳಿದ ಕೂಡ್ಲೇ ಹೂಂ ಅನಬ್ಯಾಡವಾ, ಹಸದವರಂಗ ಕಾಣತೈತಿ.”

ಎಲ್ಲರೂ ಕೂತರು. ಏನು ತಿನ್ನುತ್ತೀರಿ ಎಂದು ಶ್ರೀಮಂತ ಕೇಳಿದ. ಏನು ಉತ್ತರ ಬಂದಿರಬಹುದು? ಹೇಳಿ, ನಿಮಗೆ ಗೊತ್ತು. ಏನಾದರೂ ನಡೆಯುತ್ತದೆ, ನಿಮಗೇನು ಬೇಕೋ ಅದೇ ನಮಗೂ. ಒಬ್ಬರಾದರೂ ಒಂದು ತಿಂಡಿಯ ಹೆಸರು ಹೇಳಲಿಲ್ಲ. ಪಾಪ, ಶ್ರೀಮಂತ ತನಗೆ ತಿಳಿದಂತೆ ಸೂಪು, ಗೋಬಿ ಮಂಚೂರಿ, ನೂಡಲ್ಸ್ ತರಿಸಿದ.

ಮೊದಲು ಸೂಪ್ ಬಂತು. ಶ್ರೀಮಂತ ತಾನೇ ಸೌಟು ಹಿಡಿದು ಅಜ್ಜನ ಬಟ್ಟಲಿನ ಕಡೆ ಬಗ್ಗಿದ. ಅಜ್ಜ ಬಟ್ಟಲಿನ ಮೇಲೆ ಅಂಗೈ ಮುಚ್ಚಿದ.

“ಬ್ಯಾಡ್ರಿ ಸಾಹೇಬ್ರ, ಈಗ ಉಂಡು ಬಂದೇನ್ರಿ.”

ನೋಡಿ, ನಮ್ಮ ಕಡೆ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಇದು ‘ಬೇಡ’ ಅಲ್ಲ. ಇದು ಊಟದ ಪೀಠಿಕೆ. ಬಡಿಸುವವರು ಇನ್ನೊಮ್ಮೆ ಒತ್ತಾಯ ಮಾಡಬೇಕು, ತಿನ್ನುವವರು ಇನ್ನೊಮ್ಮೆ ಬೇಡ ಅನ್ನಬೇಕು. ಆಮೇಲೆ ನಮ್ಮ ಮೇಲೆ ಆಣೆ ಅನ್ನಬೇಕು, ಮುಚ್ಚಿದ ಬೆರಳುಗಳು ಅಷ್ಟಷ್ಟೇ ಸಡಿಲಬೇಕು, ಆ ಸಂದಿಯಿಂದ ಸಾರು ಬಟ್ಟಲಿಗೆ ಇಳಿಯಬೇಕು. ಎಸ್ತರಕ್ಕ, ನೀವು ನಗುತ್ತಿದ್ದೀರಿ. ನಿಮ್ಮ ಮನೆಯ ಹೋಳಿಗೆ ನನ್ನ ತಟ್ಟೆಗೆ ಬಿದ್ದದ್ದೂ ಹೀಗೇ ಅಲ್ಲವೇ?

ಆದರೆ ಈ ಶ್ರೀಮಂತ ಅಸ್ಸಾಮಿನಿಂದ ಬಂದವನು. “ಹೌದೇನ್ರಿ? ಹಂಗಾರ ಒತ್ತಾಯ ಮಾಡಂಗಿಲ್ಲ,” ಅಂದ. ಮೇಜು ತಿರುಗಿಸಿದ.

ಅಜ್ಜನ ಅಂಗೈ ಬಟ್ಟಲಿನ ಮೇಲೇ ಉಳಿಯಿತು. ಸೂಪ್ ಹೋಯಿತು. ನಿಲ್ಲದೆ ಹೋದ ಬಸ್ಸನ್ನು ನೋಡುವಂತೆ ಅಜ್ಜ ಅದನ್ನು ನೋಡಿದ. ಇದನ್ನು ಕಂಡ ಮೇಲಾದರೂ ಉಳಿದವರು ಎಚ್ಚರಾಗಬೇಕಿತ್ತಲ್ಲವೇ? ಆಗಲಿಲ್ಲ. ಅಜ್ಜನೇ ಬೇಡ ಅಂದ ಮೇಲೆ ನಾವು ಹೇಗೆ ತಿನ್ನುವುದು? ಅಕ್ಕ ತನಗೆ ಸಂಜೆ ಏನೂ ಸೇರುವುದಿಲ್ಲ ಅಂದಳು. ಇನ್ನೊಬ್ಬರು ಹಲ್ಲುನೋವು ಅಂದರು. ಶ್ರೀಮಂತ ಎಲ್ಲರ ಮಾತನ್ನೂ ಗೌರವದಿಂದ ಕೇಳಿಸಿಕೊಂಡು, ಎಲ್ಲವನ್ನೂ ನಂಬಿದ.

ಗೋಬಿ ಬಂತು. ಕೆಂಪಗೆ, ಹೊಳೆಯುತ್ತ, ಮೇಲೆ ಈರುಳ್ಳಿ ಸೊಪ್ಪು ಉದುರಿಸಿಕೊಂಡು ಬಂತು. ಒಬ್ಬೊಬ್ಬರ ಮುಂದೆಯೂ ನಿಂತಿತು. ಒಬ್ಬೊಬ್ಬರೂ ಅದನ್ನು ಪಕ್ಕದವರ ಕಡೆ ನಯವಾಗಿ ತಳ್ಳಿದರು. ಖಾರ ಹೇಗಿದೆ ನೋಡೋಣವೆಂದು ಅಕ್ಕ ಮಾತ್ರ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಖಾರ ಸರಿಯಾಗಿ ತಿಳಿಯಲಿಲ್ಲವೆಂದು ಇನ್ನೊಂದು ಚೂರನ್ನೂ ಹಾಕಿಕೊಂಡಳು. ಶ್ರೀಮಂತ ಒಬ್ಬನೇ ತಿನ್ನುತ್ತ, ಇಷ್ಟು ಮಿತವಾಗಿ ಉಣ್ಣುವ ಜನರನ್ನು ತಾನು ಎಲ್ಲೂ ಕಂಡಿಲ್ಲ, ಅದಕ್ಕೇ ಇವರ ಗಂಟಲು ಇಷ್ಟು ಚೆನ್ನಾಗಿದೆ ಎಂದು ಮೆಚ್ಚಿಕೊಂಡ. ಹಾರ್ಮೋನಿಯಂ ಅಜ್ಜ ನೀರು ಕುಡಿದ.

ಆಗ ಶ್ರೀಮಂತ ಹುಡುಗಿಯ ಕಡೆ ತಿರುಗಿದ. “ನಮ್ಮ ಸಾಲಿಗೆ ಹಾಡು ಕಲಸಾಕ ಬರ್ತೀಯೇನವಾ?”

ಅವಳ ಬಾಯಿಯ ತನಕ ಬಂದ ಮಾತು ‘ಹೂಂ’. ಆದರೆ ತಾಯಿಯ ಬುದ್ಧಿಮಾತು ಅದಕ್ಕಿಂತ ಮುಂಚೆ ಬಾಗಿಲಲ್ಲಿ ಬಂದು ನಿಂತಿತ್ತು.

“ನಾನೇನ್ರಿ ಕಾಕಾರ... ನನಗ ಅಷ್ಟೆಲ್ಲಾ ಬರಂಗಿಲ್ರಿ. ಬ್ಯಾರೆ ಯಾರನ್ನರ ನೋಡ್ರಿ.”

ಹೀಗಂದು ಅವಳು ತಲೆ ತಗ್ಗಿಸಿ ಕಾದಳು. ಇನ್ನೊಮ್ಮೆ ಕೇಳುತ್ತಾರೆ. ಕೇಳಲೇಬೇಕಲ್ಲ? ಬಟ್ಟಲಿನ ಮೇಲೆ ಕೈ ಮುಚ್ಚಿದ್ದಾಯಿತು, ಇನ್ನು ಬೆರಳು ಸಡಿಲಿಸುವುದಷ್ಟೇ ಬಾಕಿ.

ಶ್ರೀಮಂತನಿಗೆ ಬೇಸರವಾಯಿತು. ಆದರೂ ಅವಳ ಮನಸ್ಸಿಗೆ ವಿರುದ್ಧವಾಗಿ ಎಳೆಯಬಾರದು ಅಂದುಕೊಂಡ. “ಇರ್ಲಿ ಬಿಡವಾ. ಬೆಳಗಾವಿಯವರೊಬ್ಬರು ಭಾಳ ದಿನದಿಂದ ಕೇಳಾಕ ಹತ್ಯಾರ. ಅವರಿಗೇ ಹೂಂ ಅಂದಬಿಡ್ತೇನಿ,” ಎಂದು ಜೇಬಿನಿಂದ ಫೋನ್ ತೆಗೆದ. ಕನ್ನಡಕ ಹಣೆಗೇರಿಸಿ ಹೆಸರು ಹುಡುಕಿದ. ಕಿವಿಗಿಟ್ಟ. ಅದೇ ಹೊತ್ತಿಗೆ ಮಾಣಿ ಬಂದ. ಯಾರೂ ತಿನ್ನುತ್ತಿಲ್ಲವೆಂದು ಗೋಬಿಯ ತಟ್ಟೆಗೆ ಕೈ ಹಾಕಿದ.

ಈಗ ಆ ಹುಡುಗಿಯ ಜಾಗದಲ್ಲಿ ನಿಮ್ಮನ್ನು ಕೂರಿಸಿಕೊಳ್ಳಿ. ಒಂದು ಕಡೆ ಕೆಲಸ ಹೋಗುತ್ತಿದೆ. ಇನ್ನೊಂದು ಕಡೆ ಗೋಬಿಯೂ ಹೋಗುತ್ತಿದೆ. ಯಾರೂ ಕಸಿದುಕೊಳ್ಳುತ್ತಿಲ್ಲ. ಅವಳೇ ಬೇಡ ಅಂದದ್ದು. ಫೋನ್ ರಿಂಗಾಗುವುದು ಅವಳಿಗೂ ಕೇಳುತ್ತಿದೆ. ಇನ್ನು ಬೆಳಗಾವಿಯವರು ಎತ್ತಿಕೊಂಡರೆ ಮುಗಿಯಿತು. ಅವಳು ಏನು ಮಾಡಿದಳು?

ಗೋಬಿಯ ತಟ್ಟೆಯ ಅಂಚನ್ನು ಹಿಡಿದುಕೊಂಡಳು. ಮಾಣಿ ಆ ಕಡೆ, ಇವಳು ಈ ಕಡೆ.

“ಕಾಕಾರ, ಫೋನ್ ಇಡ್ರಿ. ಆ ಕೆಲಸ ನನಗ ಬೇಕ್ರಿ. ಬರಂಗಿಲ್ಲ ಅಂದದ್ದು ಖರೇ ಅಲ್ರಿ. ನನಗ ಹಾಡು ಕಲಸಾಕ ಬರತೈತಿ, ಚೊಲೋ ಬರತೈತಿ.” ಉಸಿರು ತೆಗೆದುಕೊಂಡಳು. “ಮತ್ತ ನನಗ ಹಸಿವ್ಯಾಗೇತ್ರಿ.”

ಶ್ರೀಮಂತ ಫೋನನ್ನು ಕಿವಿಯಿಂದ ತೆಗೆದು, ಅದನ್ನೂ ಅವಳನ್ನೂ ನೋಡಿದ. ಆಮೇಲೆ ಫೋನ್ ಜೇಬಿಗಿಟ್ಟ. ಆಗ ಹಾರ್ಮೋನಿಯಂ ಅಜ್ಜ ಮೆಲ್ಲಗೆ ಬಟ್ಟಲಿನ ಮೇಲಿನ ಕೈ ತೆಗೆದ.

“ತಂಗಿ, ಆ ಸೂಪು ಈ ಕಡೆ ತಿರುಗಸವಾ. ಮುಂಜಾನೆಯಿಂದ ಹೊಟ್ಟ್ಯಾಗ ಏನೂ ಇಲ್ಲ.”

ಅಷ್ಟೇ ಸಾಕಾಯಿತು. ಹಲ್ಲುನೋವು ವಾಸಿಯಾಯಿತು. ಅಕ್ಕನಿಗೆ ಸಂಜೆಯೂ ಸೇರತೊಡಗಿತು. ಇನ್ನಷ್ಟು ನೂಡಲ್ಸ್ ಬಂತು, ಬಿಸಿ ಗೋಬಿ ಬಂತು, ಗಾಜು ತಿರುಗಿದ್ದೇ ತಿರುಗಿದ್ದು. ಶ್ರೀಮಂತ ಮಾತ್ರ ಚಮಚ ಕೆಳಗಿಟ್ಟು, ಹಾಗಿದ್ದರೆ ಇಷ್ಟು ಹೊತ್ತು ನನಗೆ ಸುಳ್ಳೇಕೆ ಹೇಳಿದಿರಿ ಎಂದು ನೊಂದು ಕೇಳಿದ. ಅಜ್ಜ ಬಾಯಿತುಂಬ ನೂಡಲ್ಸ್ ಇಟ್ಟುಕೊಂಡೇ ಉತ್ತರ ಕೊಟ್ಟ: “ಸುಳ್ಳಲ್ರಿ ಸಾಹೇಬ್ರ, ಮರ್ಯಾದಿ.”

ಸಭೆಯವರೇ, ಆ ಮೇಜು ಯಾವುದು? ಅದು ಬಸ್ ನಿಲ್ದಾಣದ ಹಿಂದೆ ಮಾತ್ರ ಇಲ್ಲ. ನಮ್ಮ ಮನೆಯಲ್ಲೂ ಅದು ತಿರುಗುತ್ತಿದೆ. ಕೈಲಾಗದಿದ್ದಾಗ ಸೊಸೆ ನಾನು ಮಾಡಲೇ ಅನ್ನುತ್ತಾಳೆ, ಬೇಡ ಅನ್ನುತ್ತೇವೆ, ಆಮೇಲೆ ಪಾತ್ರೆಗಳನ್ನು ಜೋರಾಗಿ ಇಡುತ್ತೇವೆ. ಗಂಡ ಆಸ್ಪತ್ರೆಗೆ ಜೊತೆಗೆ ಬರಲೇ ಅನ್ನುತ್ತಾನೆ. ಯಾಕೆ, ನಾನೇ ಹೋಗುತ್ತೇನೆ ಅನ್ನುತ್ತೇವೆ. ದಾರಿಯುದ್ದಕ್ಕೂ ಅವನನ್ನು ಬೈದುಕೊಳ್ಳುತ್ತೇವೆ. ನೋಡಿ, ನಾವು ಬಾಯಿ ಬಿಡುವ ಮೊದಲೇ ನಮ್ಮ ಮನಸ್ಸು ದೇವರಿಗೆ ಗೊತ್ತು. ಒಪ್ಪಿದೆ. ಆದರೆ ಪಕ್ಕದಲ್ಲಿ ಕೂತವರು ದೇವರಲ್ಲ. ಅವರಿಗೆ ಬಾಯಿಬಿಟ್ಟೇ ಹೇಳಬೇಕು.

ಆದ್ದರಿಂದ ಈ ವಾರ ಮನೆಯಲ್ಲಿ ಇಷ್ಟು ಮಾಡಿ. ಬೇಕಾದದ್ದಕ್ಕೆ ಮೊದಲ ಸಲವೇ ಬೇಕು ಅನ್ನಿ. ಸಕ್ಕರೆ ಕಾಯಿಲೆಯವರು ಬೇಡ ಅಂದರೆ ಅದು ಬೇಡವೇ. ದಯವಿಟ್ಟು ಅವರ ಬೆರಳ ಸಂದಿಯಲ್ಲಿ ಪಾಯಸ ಸುರಿಯಬೇಡಿ. ಸಹಾಯ ಬೇಕಿದ್ದರೆ ಕೇಳಿ. ಮನಸ್ಸು ನೊಂದಿದ್ದರೆ ನೊಂದಿದೆ ಅನ್ನಿ, ಪಾತ್ರೆಗಳ ಕೈಯಲ್ಲಿ ಹೇಳಿಸಬೇಡಿ. ಹಸಿದವರು ಹಸಿದವರಂತೆ ಕಂಡರೆ ಅದರಲ್ಲಿ ನಾಚಿಕೆ ಏನಿದೆ?

ಆರಾಧನೆ ಮುಗಿದ ಮೇಲೆ ‘ಆ ಹುಡುಗಿ ನೀನೇ ಏನು?’ ಎಂದು ನನ್ನನ್ನು ಕೇಳಲು ಕೆಲವರು ಕಾದಿದ್ದೀರಿ. ಅಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಗೋಬಿ ಅಡುಗೆಮನೆಗೆ ಹೋಗಿ, ಬೆಳಗಾವಿಯವರು ಶಾಲೆಗೆ ಬಂದು, ದೃಷ್ಟಾಂತವೇ ಇರುತ್ತಿರಲಿಲ್ಲ. ಈ ಪ್ರವಚನ ನೀನು ಮಾಡುತ್ತೀಯಾ ಎಂದು ಸಭಾಪಾಲಕರಾದ ಅಯ್ಯನವರು ಕೇಳಿದಾಗ, ನನಗೆ ಬರುವುದಿಲ್ಲ, ಬೇರೆಯವರನ್ನು ನೋಡಿ ಎಂದು ನಾನೂ ಅಂದೆ. ಪುಣ್ಯಕ್ಕೆ ಅಯ್ಯನವರು ಈ ಊರಿನವರೇ, ಮತ್ತೆ ಕೇಳಿದರು. ಎಲ್ಲರೂ ಈ ಊರಿನವರೇ ಆಗಿರುವುದಿಲ್ಲವಲ್ಲ.

ಅದಕ್ಕೆ ಅಯ್ಯನವರೇ, ಇಷ್ಟು ಜನರ ಮುಂದೆ, ಮೈಕಿನಲ್ಲೇ ಹೇಳುತ್ತೇನೆ. ನನಗೆ ಇಲ್ಲಿ ನಿಂತು ಮಾತಾಡುವ ಆಸೆ ಮೊದಲಿನಿಂದಲೂ ಇತ್ತು.